ಹಳೇ ಸೀರೆಗೆ ಪಾತ್ರೆ

ವಿದ್ಯಾನಗರ, ಶಿವಮೊಗ್ಗ
೨ ಜುಲೈ ೨೦೨೪

ದ್ಯಾಮಮ್ಮನವರಿಗೆ ನಮಸ್ಕಾರ.

ನನ್ನ ಹೆಸರು ಪುಷ್ಪಾ. ನಿಮಗೆ ನನ್ನ ಪರಿಚಯವಿಲ್ಲ. ಜೂನ್ ಇಪ್ಪತ್ತೊಂದರ ಶುಕ್ರವಾರ, ಮಲವಗೊಪ್ಪದ ಆಚೆಯ ಹೊಸ ಬಡಾವಣೆಯಲ್ಲಿ ಜನ ನಿಮ್ಮನ್ನು ಮಕ್ಕಳ ಕಳ್ಳಿ ಎಂದು ಹಿಡಿದು ಹೊಡೆದಾಗ ನಾನು ಅಲ್ಲೇ ಇದ್ದೆ. ಪೊಲೀಸರು ನಿಮ್ಮನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ಮೇಲೆ ನಿಮ್ಮ ಬುಟ್ಟಿಯ ಪಾತ್ರೆಗಳೆಲ್ಲ ಚರಂಡಿಯ ಪಕ್ಕ ಚೆಲ್ಲಾಡಿದ್ದವು. ಆರಿಸಿ, ತೊಳೆದು ಇಟ್ಟಿದ್ದೆ. ನಿಮ್ಮನ್ನು ಹುಡುಕುವುದು ಹೇಗೆಂದು ಹತ್ತು ದಿನ ಒದ್ದಾಡಿದೆ. ಕೊನೆಗೆ ನಿಮ್ಮ ಊಟದ ಡಬ್ಬಿಯ ತಳ ನೋಡಿದರೆ "ದ್ಯಾಮಮ್ಮ, ಹೊಸಮನೆ, ಭದ್ರಾವತಿ" ಎಂದು ಕೊರೆಸಿದ್ದೀರಿ. ಹೆಸರು ಕೊರೆದವನಿಗೆ ಪುಣ್ಯ ಬರಲಿ.

ಎಲ್ಲವನ್ನೂ ಪಾರ್ಸೆಲ್ ಮಾಡಿದ್ದೇನೆ. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಅದಕ್ಕೇ ಸಕ್ಕರೆ ತುಂಬಿದ್ದೇನೆ. ದಯವಿಟ್ಟು ಗಮನಿಸಿ, ಒಂದು ಲೋಟದ ಅಂಚು ಸೀಳಿದೆ, ಕೈ ಕೊಯ್ದೀತು.

ನಿಮ್ಮ ಕೈ ಹಿಡಿದಿದ್ದ ಮಗುವನ್ನು ನೀವು ಕದ್ದೊಯ್ಯುತ್ತಿರಲಿಲ್ಲ, ತಂದು ಬಿಡಲು ಬರುತ್ತಿದ್ದಿರಿ ಎಂಬುದು ಈಗ ಆ ಬೀದಿಗೆಲ್ಲ ಗೊತ್ತು. ಗೊತ್ತಾದವರು ಯಾರೂ ಜೋರಾಗಿ ಹೇಳುತ್ತಿಲ್ಲ, ಅಷ್ಟೆ. ನನಗೆ ಬಹಳ ನಾಚಿಕೆಯಾಗುತ್ತಿದೆ. ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ವಿಳಾಸ ಮೇಲಿದೆ.

ಇಂತಿ,
ಪುಷ್ಪಾ


ಹೊಸಮನೆ, ಭದ್ರಾವತಿ
೧೧ ಜುಲೈ ೨೦೨೪

ಪುಷ್ಪಮ್ಮನೋರಿಗೆ ದ್ಯಾಮಮ್ಮನ ನಮಸ್ಕಾರ.

ಬರೀತಿರೋದು ನನ್ನ ಮಗಳು ಮಾನಸ. ಸೆಕೆಂಡ್ ಪಿಯುಸಿ ಓದ್ತಾಳೆ. ನನ್ನ ಬಲಗೈ ಇನ್ನೂ ಪ್ಲಾಸ್ಟರಲ್ಲಿದೆ. ನಾ ಹೇಳಿದ್ದನ್ನ ಹೇಳಿದಂಗೇ ಬರಿ, ಪುಸ್ತಕದ ಭಾಷೆ ಮಾಡ್ಬೇಡ ಅಂದಿದೀನಿ.

ನಿಮ್ಮ ಪಾರ್ಸೆಲ್ ಬಂತು. ಬರೀ ಹೊಸಮನೆ ಅಂತ ಇದ್ರೂ ಪೋಸ್ಟ್‌ಮ್ಯಾನ್ ದೇವರಾಜ್ ಮನೆ ಹುಡುಕ್ಕೊಂಡು ತಂದುಕೊಟ್ಟ. ಡಬ್ಬಿ ತೆಗೆದು ಸಕ್ಕರೆ ನೋಡಿ ಅತ್ತುಬಿಟ್ಟೆ ಮಾರಾಯ್ತಿ. ಹೊಡೆಸಿಕೊಂಡಾಗ ಅತ್ತಿರಲಿಲ್ಲ.

ಆವತ್ತು ಏನಾಯ್ತು ಅಂತ ಯಾರೂ ನನ್ನ ಕೇಳಲೇ ಇಲ್ಲ. ನೀವಾದರೂ ಕೇಳಿ. ಮೂರ್ ವರ್ಷದ ಕೂಸು ಒಂದು ನಾಯಿಮರಿ ಹಿಂದೆ ಹೋಗ್ತಾ ಹೋಗ್ತಾ ಬಿ.ಎಚ್. ರಸ್ತೆ ಕಡೆ ಹೊರಟಿತ್ತು. ಅಲ್ಲಿ ಲಾರಿ ಹೆಂಗೆ ಬರ್ತವೆ ನಿಮಗೇ ಗೊತ್ತು. ಎಲ್ಲಿಂದ ಬಂದೆ ಪುಟ್ಟಿ ಅಂದ್ರೆ "ಮಿಸ್ ಹತ್ರ" ಅಂತು. ಕೈ ಹಿಡ್ಕೊಂಡೆ. ಕೂಸೇ ದಾರಿ ತೋರಿಸ್ತಾ ಇತ್ತು. ಅಂಗನವಾಡಿ ಗೇಟು ಹತ್ತು ಹೆಜ್ಜೆ ಇತ್ತು ಅಷ್ಟೆ, ಹಿಂದಿಂದ ಹೊಡೆತ ಬಿತ್ತು. ಯಾರೋ ಕೂಸನ್ನ ಎಳ್ಕೊಂಡು ಒಳಗೆ ಹೋಗಿ ಗೇಟ್ ಹಾಕ್ಕೊಂಡರು. ಆಮೇಲೆ ನಂಗೆ ಚಪ್ಪಲಿ ಮಾತ್ರ ಕಾಣ್ತಿತ್ತು.

ಹೊಡೆದ ನಾಲ್ಕು ಜನರನ್ನ ಸ್ಟೇಷನ್ನಲ್ಲಿ ಬೈದು, ಮುಚ್ಚಳಿಕೆ ಬರೆಸ್ಕೊಂಡು ಬಿಟ್ಟರು. ಅವರ ಮೇಲೆ ನಂಗೆ ಅಂಥಾ ಸಿಟ್ಟಿಲ್ಲ. ಅವರು ಫೋನಲ್ಲಿ ಕೇಳಿದ್ದನ್ನ ನಂಬಿದರು. ಮಗು ಕದೀತಿದಾಳೆ ಅಂತ ಯಾರೋ ಹೆಂಗಸು ಮಾತಾಡಿ ವಾಟ್ಸಾಪಲ್ಲಿ ಬಿಟ್ಟ ಆ ಆಡಿಯೋ ಮಾನಸನ ಫ್ರೆಂಡ್ ಹತ್ರಾನೂ ಬಂದಿತ್ತು. ತರಿಸ್ಕೊಂಡು ಕೇಳಿದೆ. ಒಂದಲ್ಲ, ಐವತ್ತು ಸಲ ಕೇಳಿರಬೇಕು. "ತಾಯಂದಿರೇ" ಅಂತ ಶುರು ಮಾಡ್ತಾಳೆ. ಏನು ಸಮಾಧಾನದ ದನಿ! ಅದನ್ನ ಕೇಳಿದ್ರೆ ನಾನೇ ನನ್ನ ಮಗಳನ್ನ ಒಳಗೆ ಕರ್ಕೊಂಡು ಬಾಗಿಲು ಹಾಕ್ಕೋತಿದ್ದೆ. ಆ ದನಿ ಸಾವಿರ ಜನದ ನಡುವೆ ಬಂದ್ರೂ ಗುರುತು ಹಿಡೀತೀನಿ.

ಇನ್ನೊಂದು. ಯಾರೋ ಹೆಂಗಸು ೧೧೨ಕ್ಕೆ ಫೋನ್ ಮಾಡಿದರಂತೆ, ಅದಕ್ಕೇ ಜೀಪು ಬಂತಂತೆ. ಇನ್ನೈದು ನಿಮಿಷ ತಡ ಆಗಿದ್ರೆ ನಾನಿರ್ತಿರಲಿಲ್ಲ ಅಂತ ಪೊಲೀಸ್ನೋರೇ ಅಂದರು. ಆ ಹೆಂಗಸು ನೀವೇ ಅಲ್ವಾ? ಪಾತ್ರೆ ತೊಳೆದು ಕಳಿಸೋರು ಇನ್ಯಾರಿರ್ತಾರೆ.

ನನ್ನ ಫೋನ್ ಆವತ್ತೇ ಒಡೆದುಹಾಕಿದರು. ಈಗ ಮಾನಸ ಒಂದು ಹಳೇದು ಸರಿ ಮಾಡಿಸಿದಾಳೆ, ನಂಬರ್ ಕೆಳಗೆ ಬರೆದಿದಾಳೆ. ಒಂದ್ಸಲ ಫೋನ್ ಮಾಡಿ. ನಿಮ್ಮ ದನಿ ಕೇಳಬೇಕು ಅನ್ನಿಸಿದೆ.

ದ್ಯಾಮಮ್ಮ


ವಿದ್ಯಾನಗರ, ಶಿವಮೊಗ್ಗ
೧೯ ಜುಲೈ ೨೦೨೪

ದ್ಯಾಮಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಹೌದು, ೧೧೨ಕ್ಕೆ ಫೋನ್ ಮಾಡಿದ್ದು ನಾನೇ. ಅದಕ್ಕೆ ನೀವು ಕೃತಜ್ಞತೆ ಹೇಳಬಾರದು. ದಯವಿಟ್ಟು ಹೇಳಬೇಡಿ.

ಫೋನಿನಲ್ಲಿ ಮಾತಾಡಲು ನನಗೆ ಈಗ ಆಗುವುದಿಲ್ಲ. ಗಂಟಲಿನ ತೊಂದರೆ. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಕಾಗದವೇ ನನಗೆ ಅನುಕೂಲ.

ಫೋನಿನ ಬಗ್ಗೆ ನಾನೂ ತುಂಬ ಯೋಚಿಸುತ್ತಿದ್ದೇನೆ. ಅದು ಕೆಟ್ಟದ್ದು ಎಂದುಬಿಡುವುದು ಸುಲಭ. ಹೋದ ವರ್ಷ ನಮ್ಮ ಕಡೆಯ ಒಬ್ಬ ಬಾಣಂತಿಗೆ ಅಪರೂಪದ ಗುಂಪಿನ ರಕ್ತ ಬೇಕಾಗಿತ್ತು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮುಕ್ಕಾಲು ಗಂಟೆಗೆ ದುರ್ಗಿಗುಡಿಯಿಂದ ಯಾರೋ ಪುಣ್ಯಾತ್ಮ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಂದು ರಕ್ತ ಕೊಡಲು ಮಲಗಿದ್ದ. ತಾಯಿ ಮಗು ಇಬ್ಬರೂ ಉಳಿದರು. ಆ ಗುಂಪನ್ನು ಕಂಡರೆ ಆವತ್ತು ದೇವರ ಮನೆ ಕಂಡಂತಾಗಿತ್ತು. ಅದೇ ಗುಂಪಿನಲ್ಲಿ ಇದೂ ಹುಟ್ಟಿತು.

ಜೊತೆಗೆ ಏಳು ಹಳೆಯ ಸೀರೆ ಕಳಿಸಿದ್ದೇನೆ. ಬದಲಿಗೆ ಪಾತ್ರೆ ಬೇಡ.

ಪುಷ್ಪಾ


ಹೊಸಮನೆ, ಭದ್ರಾವತಿ
೨ ಆಗಸ್ಟ್ ೨೦೨೪

ಪುಷ್ಪಮ್ಮನೋರಿಗೆ,

ಗಂಟಲು ಅಂದ್ರೆ ಹುಡುಗಾಟ ಅಲ್ಲ. ನನ್ನ ಅದೇ ಡಬ್ಬಿಯಲ್ಲಿ ಜೇಷ್ಠಮಧು, ಹಿಪ್ಪಲಿ ಕುಟ್ಟಿ ಹಾಕಿ ಕಳಿಸಿದೀನಿ. ಜೇನುತುಪ್ಪದಲ್ಲಿ ಕಲೆಸಿ ನೆಕ್ಕಿ. ಬಿಸಿನೀರು ಕುಡೀರಿ. ಡಬ್ಬಿ ನಿಧಾನಕ್ಕೆ ವಾಪಸ್ ಬರಲಿ, ಅವಸರ ಇಲ್ಲ.

ಸೀರೆಗೆ ಬದಲು ಬೇಡ ಅಂದ್ರೆ ನಂಗಾಗಲ್ಲ. ಪುಕ್ಕಟೆ ತಗೊಂಡ್ರೆ ಅದು ಭಿಕ್ಷೆ ಆಗುತ್ತೆ. ಏಳು ಸೀರೆಗೆ ಒಂದು ಇಡ್ಲಿ ಪಾತ್ರೆ ನಿಮ್ಮ ಹೆಸರಲ್ಲಿ ಎತ್ತಿಟ್ಟಿದೀನಿ. ನೀಲಿ ಸೀರೆ ಸೆರಗಲ್ಲಿ ಒಂದು ಸೇಫ್ಟಿ ಪಿನ್ ಹಂಗೇ ಇತ್ತು. ದಿನಾ ಪಿನ್ ಹಾಕೋರು ಕೆಲಸಕ್ಕೆ ಹೋಗೋ ಹೆಂಗಸರು. ಏನು ಕೆಲಸ ಅಂತ ನೀವು ಹೇಳಲೇ ಇಲ್ಲ.

ನಾನೂ ಫೋನನ್ನ ಬೈಯಲ್ಲ ಕಣ್ರೀ. ಮುಂಚೆ ಬಿಸಿಲಲ್ಲಿ ಹತ್ತು ಬೀದಿ ಅಲೆದ್ರೆ ಎರಡು ಮನೆ ಬಾಗಿಲು ತೆಗೀತಿತ್ತು. ಫೋನ್ ಬಂದ ಮೇಲೆ ಹೆಂಗಸರೇ ಫೋನ್ ಮಾಡಿ "ದ್ಯಾಮಮ್ಮ, ಮಂಗಳವಾರ ಬಾ, ನಾಲ್ಕು ಸೀರೆ ಇದಾವೆ, ದೊಡ್ಡ ಕೊಳಗ ತಗೊಂಡು ಬಾ" ಅಂತಿದ್ದರು. ಈಗ ಆ ನಂಬರಿಗೆಲ್ಲ ನಾನು ಮಾಡಿದ್ರೆ ಯಾರೂ ಎತ್ತಲ್ಲ. ಇಲ್ಲೇ ಭದ್ರಾವತಿಯಲ್ಲೇ, ನನ್ನ ಇಪ್ಪತ್ತು ವರ್ಷದಿಂದ ಬಲ್ಲ ಬೀದಿಯಲ್ಲಿ, ಒಬ್ಬಳು ಹುಡುಗಿ ಫೋನ್ ಎತ್ತಿ ಹಿಡಿದು ಆ ಆಡಿಯೋ ಜೊತೆ ಬಂದಿರೋ ಫೋಟೋನೂ ನನ್ನ ಮುಖಾನೂ ಹೋಲಿಸಿ ನೋಡಿದಳು. ಆಮೇಲೆ ಗೇಟಿನ ಚಿಲಕ ಹಾಕಿದಳು. ನಾನು ಮಾಡಿಲ್ಲ ಅಂತ ಎಷ್ಟು ಗೇಟ್ ಹತ್ರ ಹೇಳಲಿ?

ಈಗ ಬುಟ್ಟಿ ಹೊತ್ತು ಬೀದಿಗೆ ಹೋದ್ರೂ ಕೂಗೋಕಾಗಲ್ಲ. "ಹಳೇ ಸೀರೇ, ಹಳೇ ಪ್ಯಾಂಟೂ... ಪಾತ್ರೇ" ಅಂತ ಬಾಯಿ ತೆಗೆಯೋಕೆ ಹೋದ್ರೆ ಗಂಟಲು ಹಿಡ್ಕೊಳುತ್ತೆ. ಕೂಗಿದ್ರೆ ಬಾಗಿಲು ಹಾಕ್ಕೋತಾರೆ ಅಂತ ಭಯ. ಕೂಗದಿದ್ರೆ ಕಳ್ಳಿ ಹಂಗೆ ಸುಮ್ಮನೆ ಬೀದಿ ಸುತ್ತಿದಂಗಾಗುತ್ತೆ. ನೋಡಿ, ನಿಮಗೂ ಗಂಟಲು ನಂಗೂ ಗಂಟಲು.

ಪೊಲೀಸ್ನೋರು ಪರಿಹಾರ ಕೊಡಿಸ್ತೀವಿ ಅಂತ ಏನೋ ಹೇಳ್ತಾರೆ. ನಂಗೆ ಬೇಕಾಗಿರೋದು ಒಂದೇ. ಆ ದನಿ ಇದೆಯಲ್ಲ, ಅದೇ ದನಿ, ಅದೇ ಗುಂಪಿನಲ್ಲಿ, "ನಾ ಹೇಳಿದ್ದು ಸುಳ್ಳು, ದ್ಯಾಮಮ್ಮ ಮಗು ಉಳಿಸಿದಳು" ಅಂತ ಹೇಳಬೇಕು. ಬೇರೆ ಯಾರು ಹೇಳಿದ್ರೂ ಜನ ನಂಬಲ್ಲ. ನೀವು ಆ ಕಡೆಯೋರು. ಅವಳು ಯಾರು ಅಂತ ವಿಚಾರಿಸ್ತೀರಾ?

ದ್ಯಾಮಮ್ಮ


ವಿದ್ಯಾನಗರ
೯ ಆಗಸ್ಟ್ ೨೦೨೪

ದ್ಯಾಮಮ್ಮ,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯುತ್ತಿದ್ದೇನೆ.

ಆ ದನಿ ನನ್ನದು. ನಾನು ಆ ಅಂಗನವಾಡಿಯ ಮಿಸ್.

ಆವತ್ತು ಹನ್ನೆರಡು ಮಕ್ಕಳು ಬಂದಿದ್ದರು. ಸಹಾಯಕಿ ರಜೆ. ಮಕ್ಕಳ ತೂಕ, ಊಟದ ಫೋಟೋ ಎಲ್ಲವನ್ನೂ ಹನ್ನೊಂದು ಗಂಟೆಯೊಳಗೆ ಫೋನಿನ ಆ್ಯಪಿಗೆ ಏರಿಸಬೇಕು. ನಮ್ಮ ಕಟ್ಟಡದಲ್ಲಿ ನೆಟ್‌ವರ್ಕ್ ಸಿಗುವುದು ಹಿತ್ತಲ ಗೋಡೆಯ ಮೂಲೆಯಲ್ಲಿ ಮಾತ್ರ. ಅಲ್ಲಿ ಹೋಗಿ ಕೈ ಮೇಲೆತ್ತಿ ನಿಂತಿದ್ದೆ. ಗೇಟಿನ ಚಿಲಕ ಹಾಕಿರಲಿಲ್ಲ. ಅಮೂಲ್ಯ ನಾಯಿಮರಿಯ ಹಿಂದೆ ಹೊರಟಿದ್ದು ನನಗೆ ಕಾಣಲಿಲ್ಲ. ಮಕ್ಕಳ ಫೋಟೋ ಕಳಿಸುವುದರಲ್ಲಿ ಮಗುವನ್ನೇ ಕಳೆದುಕೊಂಡಿದ್ದೆ.

ಆಗ ತಾಯಂದಿರ ಗುಂಪಿನಲ್ಲಿ ಒಂದು ಫೋಟೋ ಬಂತು. ಮಹಡಿಯ ಮೇಲಿಂದ ಯಾರೋ ತೆಗೆದದ್ದು. ತಲೆಯ ಮೇಲೆ ಬುಟ್ಟಿ ಹೊತ್ತ ನೀವು, ನಿಮ್ಮ ಕೈ ಹಿಡಿದ ಅಮೂಲ್ಯ. "ಮಿಸ್, ಇದು ನಮ್ಮ ಅಮೂಲ್ಯ ಅಲ್ವಾ? ಜೊತೆಗಿರೋರು ಯಾರು?" ಒಳಗೆ ಓಡಿ ಎಣಿಸಿದೆ. ಹನ್ನೊಂದು.

ದ್ಯಾಮಮ್ಮ, ಹತ್ತೊಂಬತ್ತು ವರ್ಷದ ಕೆಲಸ ನನ್ನದು. ಒಂದು ಮಗುವಿಗೂ ತರಚಿದ ಗಾಯವಾಗಿಲ್ಲ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಗೇಟಿನಿಂದಾಚೆ ಓಡಬೇಕಾದವಳು ಮೈಕ್ ಒತ್ತಿದೆ. "ತಾಯಂದಿರೇ, ದಯವಿಟ್ಟು ಗಮನಿಸಿ. ಹಳೇ ಸೀರೆ ಕೇಳೋ ನೆಪದಲ್ಲಿ ಒಬ್ಬಳು ಹೆಂಗಸು ಮಗುನ ಕರ್ಕೊಂಡು ಹೋಗ್ತಿದಾಳೆ." ನೀವು ಕದಿಯುತ್ತಿದ್ದೀರಿ ಎಂದು ಆಗ ನಂಬಿದ್ದೆನೇ? ನನ್ನನ್ನೇ ಎಷ್ಟು ಸಲ ಕೇಳಿಕೊಂಡೆನೋ. ಅರ್ಧ ನಂಬಿದ್ದೆ. ಇನ್ನರ್ಧ, ಮಗು ತಾನಾಗಿ ಹೋಗಿದ್ದಕ್ಕಿಂತ ಯಾರಾದರೂ ಕರೆದೊಯ್ದದ್ದಾದರೆ ನನಗೆ ಒಳ್ಳೆಯದು ಎಂಬ ಲೆಕ್ಕ.

ಐದು ನಿಮಿಷಕ್ಕೆ ನೀವು ಬೀದಿಯ ತಿರುವಿನಲ್ಲಿ ಕಂಡಿರಿ. ಅಂಗನವಾಡಿಯ ಕಡೆಗೇ ಬರುತ್ತಿದ್ದಿರಿ. ಅದನ್ನು ಕಂಡ ಕೂಡಲೇ ಎಲ್ಲ ಅರ್ಥವಾಯಿತು. ಆಡಿಯೋವನ್ನು ಗುಂಪಿನಿಂದ ಅಳಿಸಿದೆ. ಅಷ್ಟು ಹೊತ್ತಿಗೆ ಅದು ಇನ್ನೂ ನಾಲ್ಕು ಗುಂಪು ಹಾರಿತ್ತು. ಜನ ಓಡಿ ಬರುತ್ತಿದ್ದರು. ಮಗುವನ್ನು ಎಳೆದುಕೊಂಡು ಗೇಟು ಹಾಕಿಕೊಂಡವಳು ನಾನೇ. ಒಂದೇ ಮಾತು ಕೂಗಿದ್ದರೆ ಸಾಕಿತ್ತು, ನನ್ನ ಮಾತು ಅಲ್ಲಿ ನಡೆಯುತ್ತಿತ್ತು. ಕೂಗಲಿಲ್ಲ. ನಿಮ್ಮ ಕಿರುಚಾಟ ಕೇಳಲಾರದೆ ೧೧೨ ಒತ್ತಿದೆ. ಅದೇ ಫೋನು, ಕಾಲು ಗಂಟೆಯ ಅಂತರ.

ತಾಯಂದಿರಿಗೆಲ್ಲ ನನ್ನ ದನಿ ಗೊತ್ತು. ಪೊಲೀಸರು ಕೇಳಿದಾಗ ಯಾರೂ ಹೇಳಲಿಲ್ಲ. ಒಳ್ಳೆಯ ಮಿಸ್ ಅಂತೆ.

ನನ್ನ ಗಂಟಲಿಗೆ ಏನೂ ಆಗಿಲ್ಲ.

ಪುಷ್ಪಾ


ಹೊಸಮನೆ, ಭದ್ರಾವತಿ
೧೨ ಸೆಪ್ಟೆಂಬರ್ ೨೦೨೪

ಪುಷ್ಪಮ್ಮನೋರಿಗೆ,

ಒಂದೂವರೆ ತಿಂಗಳಾಯ್ತು, ನಿಮ್ಮ ಕಾಗದ ಇಲ್ಲ. ಔಷಧಿ ಮುಟ್ಟಿತಾ? ಗಂಟಲು ಹೆಂಗಿದೆ? ನಂಗೆ ಬೇಜಾರಿಲ್ಲ, ಆದ್ರೆ ಒಂದು ವಿಷಯ ಹೇಳಲೇಬೇಕು, ಅದಕ್ಕೇ ಮಾನಸನ್ನ ಕೂರಿಸ್ಕೊಂಡಿದೀನಿ.

ಹೋದ ಭಾನುವಾರ ತರೀಕೆರೆ ಕಡೆ ಒಂದು ಊರಲ್ಲಿ ಲಿಂಗಪ್ಪನ್ನ ಕಟ್ಟಿಹಾಕಿದ್ದರು. ಲಿಂಗಪ್ಪ ಕಂಬಳಿ ಮಾರೋನು, ಅರವತ್ತು ದಾಟಿದೆ, ನಮ್ಮ ಜೊತೆ ಅದೇ ಬಸ್ಸಿಗೆ ಬರ್ತಿದ್ದ. ಯಾರೋ ಮೇಷ್ಟ್ರು ಗುರುತು ಹಿಡಿದು ಬಿಡಿಸಿದರು. ಅದೇ ಆಡಿಯೋ ಅಂತೆ! ಈಗ ಅದಕ್ಕೆ ನನ್ನ ಫೋಟೋ ಬದಲು ಬೇರೆ ಯಾವುದೋ ಫೋಟೋ ಸೇರಿಸಿದಾರೆ. "ಸೀರೆ ಕೇಳೋ ನೆಪದಲ್ಲಿ" ಅಂತ ಅವಳು ಹೇಳ್ತಿದ್ರೂ ಜನ ಕಂಬಳಿ ಮಾರೋನನ್ನ ಹಿಡಿದಿದಾರೆ. ಮಾತನ್ನ ಯಾರೂ ಕೇಳ್ತಿಲ್ಲ, ಆ ದನಿಯ ಹೆದರಿಕೆ ಮಾತ್ರ ಕೇಳ್ತಿದಾರೆ. ಲಿಂಗಪ್ಪ ಈಗ ಮನೆ ಬಿಟ್ಟು ಬರ್ತಿಲ್ಲ.

ನಂಗೆ ಆಗಿದ್ದು ಆಯ್ತು. ಇನ್ನೊಬ್ಬರಿಗೆ ಆಗಬಾರದು. ಅವಳು ಯಾರು ಅಂತ ನಿಮಗೆ ಗೊತ್ತಾಗಿದ್ರೆ, ನಾನು ಬೈಯಲ್ಲ, ಸ್ಟೇಷನ್ನಿಗೂ ಹೋಗಲ್ಲ ಅಂತ ಹೇಳಿ. ಬಾಯಿ ಬಿಡು ಅಂತ ಹೇಳಿ, ಅಷ್ಟೆ.

ನನ್ನ ಡಬ್ಬಿ ನಿಮ್ಮ ಹತ್ರಾನೇ ಇದೆ.

ದ್ಯಾಮಮ್ಮ


ವಿದ್ಯಾನಗರ, ಶಿವಮೊಗ್ಗ
೨೦ ಸೆಪ್ಟೆಂಬರ್ ೨೦೨೪

ದ್ಯಾಮಮ್ಮ,

ಇದರ ಜೊತೆ ಇನ್ನೊಂದು ಕಾಗದವಿದೆ. ಆಗಸ್ಟ್ ಒಂಬತ್ತರಂದು ಬರೆದದ್ದು. ಮೊದಲು ಅದನ್ನು ಓದಿ. ಆರು ವಾರ ಅದು ನಿಮ್ಮ ಡಬ್ಬಿಯೊಳಗೇ ಮಡಚಿಕೊಂಡು ಕೂತಿತ್ತು.

ಇವತ್ತು ಬೆಳಗ್ಗೆ ಮಕ್ಕಳು ಬರುವ ಮೊದಲು ಗೇಟಿನ ಚಿಲಕ ಹಾಕಿ, ಹಿತ್ತಲ ಗೋಡೆಯ ಮೂಲೆಗೆ ಹೋಗಿ ತಾಯಂದಿರ ಗುಂಪಿಗೆ ಹೀಗೆ ಹೇಳಿದೆ: "ತಾಯಂದಿರೇ, ದಯವಿಟ್ಟು ಗಮನಿಸಿ. ನಾನು ಪುಷ್ಪಾ, ನಿಮ್ಮ ಅಂಗನವಾಡಿ ಮಿಸ್. ಜೂನ್ ಇಪ್ಪತ್ತೊಂದನೇ ತಾರೀಖು ಮಕ್ಕಳ ಕಳ್ಳಿ ಅಂತ ಹೇಳಿದ್ದು ನಾನೇ. ಅದು ಸುಳ್ಳು. ಗೇಟ್ ಹಾಕದೆ ಮಗುನ ಬೀದಿಗೆ ಬಿಟ್ಟವಳು ನಾನು. ಲಾರಿ ಓಡಾಡೋ ರಸ್ತೆಯಿಂದ ಅಮೂಲ್ಯನ ಕರ್ಕೊಂಡು ಬಂದವರು ಭದ್ರಾವತಿ ಹೊಸಮನೆಯ ದ್ಯಾಮಮ್ಮ. ಆ ಹಳೇ ಆಡಿಯೋ ಎಲ್ಲೆಲ್ಲಿ ಕಳಿಸಿದ್ರೋ ಅಲ್ಲೆಲ್ಲ ಇದನ್ನೂ ಕಳಿಸಿ. ಕೈ ಮುಗಿದು ಕೇಳ್ಕೋತೀನಿ." ಎರಡು ಸಲ ದನಿ ಬಿದ್ದುಹೋಯಿತು. ಮೂರನೆಯ ಸಲದ್ದನ್ನು ಕಳಿಸಿದೆ.

ಅಮೂಲ್ಯನ ತಂದೆ ವಿಷ್ಣುಪ್ರಸಾದ ಹತ್ತು ನಿಮಿಷಕ್ಕೆ ಮಗಳೊಂದಿಗೆ ಗೇಟಿನ ಹತ್ತಿರ ಬಂದರು. ಬೈಯಲಿಲ್ಲ. "ನನ್ನ ಮಗಳನ್ನ ಉಳಿಸಿದವರಿಗೆ ನಾನೂ ಹೊಡೆದೆ ಮಿಸ್" ಎಂದು ಕಂಬಿ ಹಿಡಿದು ನಿಂತರು. ಆಮೇಲೆ ಮಗಳನ್ನು ವಾಪಸು ಕರೆದುಕೊಂಡು ಹೋದರು. ಇನ್ನು ಕಳಿಸುವುದಿಲ್ಲವಂತೆ. ಇನ್ನೊಬ್ಬ ತಾಯಿ, ಎಲ್ಲ ಮರೆತು ಹೋಗಿತ್ತು, ಈಗ ಯಾಕೆ ಕೆದಕಿದಿರಿ ಎಂದರು. ಅವರಿಗೆ ಮರೆತು ಹೋಗಿತ್ತು!

ಮೇಲ್ವಿಚಾರಕಿಗೆ ಬರೆದು ಕೊಟ್ಟಿದ್ದೇನೆ. ಸ್ಟೇಷನ್ನಿನಲ್ಲೂ ಹೇಳಿಕೆ ಕೊಟ್ಟು ಬಂದೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಅದನ್ನು ನಿಮ್ಮ ಮರುಕಕ್ಕಾಗಿ ಬರೆಯುತ್ತಿಲ್ಲ.

ಡಬ್ಬಿ ವಾಪಸು ಕಳಿಸುತ್ತಿದ್ದೇನೆ. ಏನು ತುಂಬಬೇಕೆಂದು ತುಂಬ ಹೊತ್ತು ನಿಂತೆ. ಏನು ಹಾಕಿದರೂ ಅದು ಲಂಚವಾಗುತ್ತದೆ. ಖಾಲಿ ಕಳಿಸಿದ್ದೇನೆ. ಜೇಷ್ಠಮಧುವನ್ನು ನಾನು ಮುಟ್ಟಿಲ್ಲ, ಪಕ್ಕದ ಮನೆಯ ಅಜ್ಜಿಯ ಕೆಮ್ಮಿಗೆ ಕೊಟ್ಟೆ.

ಇನ್ನು ಕ್ಷಮೆ ಕೇಳುವ ಮಾತು. ಬರೆಯಲು ಹೋದರೆ ತೀರ ಚಿಕ್ಕದಾಗಿ ಕಾಣುತ್ತಿದೆ.

ಪುಷ್ಪಾ


ಹೊಸಮನೆ, ಭದ್ರಾವತಿ
೧೪ ಅಕ್ಟೋಬರ್ ೨೦೨೪

ಪುಷ್ಪಾ ಮಿಸ್,

ಇದನ್ನ ನಾನೇ ಬರೀತಿದೀನಿ. ಪ್ಲಾಸ್ಟರ್ ತೆಗೆದು ತುಂಬಾ ದಿನ ಆಯ್ತು, ಆದ್ರೆ ಬೆರಳು ಈಗ ಪೆನ್ ಹಿಡೀತಿದೆ. ಐದನೇ ಕ್ಲಾಸಿನ ಅಕ್ಷರ, ಓರೆಕೋರೆ ಇದೆ. ಮಾನಸ ನಿಮ್ಮ ಎರಡೂ ಕಾಗದ ಓದಿ ಒಲೆಗೆ ಹಾಕೋಕೆ ಹೋದಳು. ನಾನು ಕಿತ್ಕೊಂಡೆ. ಅವಳು ನಿಮಗೆ ಇನ್ನು ಒಂದಕ್ಷರ ಬರೆಯಲ್ಲವಂತೆ. ಅದು ಅವಳ ಇಷ್ಟ.

ನಂಗೆ ಅನುಮಾನ ಇತ್ತು. "ದಯವಿಟ್ಟು ಗಮನಿಸಿ" ಅಂತ ನಿಮ್ಮ ಮೊದಲನೇ ಕಾಗದದಲ್ಲೇ ಇತ್ತು, ಲೋಟದ ಅಂಚಿನ ವಿಷಯಕ್ಕೆ. ಆ ಆಡಿಯೋ ಐವತ್ತು ಸಲ ಕೇಳಿದವಳು ನಾನು. ಓದಿದಾಗ ಕಿವಿಯಲ್ಲಿ ಅದೇ ದನಿ ಬಂತು. ಇರಲಾರದು, ಪಾತ್ರೆ ತೊಳೆದು ಕಳಿಸಿದವರು ಅಂಥವರಲ್ಲ ಅಂತ ನನ್ನ ಬಾಯಿ ನಾನೇ ಮುಚ್ಕೊಂಡೆ. ನನ್ನ ಸಿಟ್ಟು ಎಲ್ಲಿಡಲಿ ಅಂತ ಗೊತ್ತಾಗ್ತಿಲ್ಲ. ಕೊಂದವಳೂ ನೀವೇ, ಕಾದವಳೂ ನೀವೇ. ಒಬ್ಬಳನ್ನ ಬೈಯೋಕೆ ಹೋದ್ರೆ ಇನ್ನೊಬ್ಬಳು ಅಡ್ಡ ಬರ್ತಾಳೆ.

ನಿಮ್ಮ ಹೊಸ ಆಡಿಯೋ ನಮ್ಮ ಬೀದಿಗೆ ಹದಿನೆಂಟು ದಿನಕ್ಕೆ ಬಂತು. ಹಳೇದು ಎರಡೇ ಗಂಟೆಯಲ್ಲಿ ಬಂದಿತ್ತು. ಹಳೇದನ್ನ ಮಾನಸನ ಕಾಲೇಜಲ್ಲಿ ಎಲ್ಲರೂ ಕೇಳಿದಾರೆ, ಹೊಸದನ್ನ ಇಬ್ಬರು. ತಪ್ಪಾಯ್ತು ಅನ್ನೋದನ್ನ ಮುಂದಕ್ಕೆ ಕಳಿಸೋಕೆ ಯಾರಿಗೂ ಅವಸರ ಇಲ್ಲ. ಆದ್ರೂ ನಾನು ಕೇಳಿದೆ. ಅದನ್ನೂ ಸುಮಾರು ಸಲ ಕೇಳಿದೆ. "ಭದ್ರಾವತಿ ಹೊಸಮನೆಯ ದ್ಯಾಮಮ್ಮ" ಅನ್ನೋವಾಗ ನಿಮ್ಮ ದನಿ ನಡುಗುತ್ತೆ.

ಡಬ್ಬಿ ಖಾಲಿ ಕಳಿಸಿದಿರಿ, ಅದೊಂದು ಸರಿ ಮಾಡಿದಿರಿ. ತುಂಬಿ ಕಳಿಸಿದ್ರೆ ಬೀದಿಗೆ ಎಸೀತಿದ್ದೆ.

ಕ್ಷಮೆ ಈಗಲೇ ಕೊಡೋಕೆ ನನ್ನ ಹತ್ರ ಇಲ್ಲ. ಸುಳ್ಳು ಯಾಕೆ ಹೇಳಲಿ. ಆದ್ರೆ ನಂಗೆ ಕೆಲಸ ಬೇಕು, ಬೀದಿ ಬೇಕು. ಫೋನಲ್ಲಿ ಹೋಗಿದ್ದು ಫೋನಲ್ಲೇ ಪೂರ್ತಿ ವಾಪಸ್ ಬರಲ್ಲ ಅಂತ ನಂಗೆ ಅರ್ಥ ಆಗಿದೆ. ಕಾಲಲ್ಲಿ ನಡೆದು ತರಬೇಕು. ಅದಕ್ಕೆ ಹೇಳ್ತೀನಿ ಕೇಳಿ.

ಬರೋ ಭಾನುವಾರ, ನಿಮ್ಮ ಅಂಗನವಾಡಿ ರಜೆ ದಿನ, ಒಂಬತ್ತೂವರೆ ಬಸ್ಸಿಗೆ ಬಂದು ಮಲವಗೊಪ್ಪ ಸ್ಟಾಪಲ್ಲಿ ಇಳೀತೀನಿ. ಬುಟ್ಟಿ ತರ್ತೀನಿ. ನಿಮ್ಮ ಇಡ್ಲಿ ಪಾತ್ರೆಯನ್ನೂ ತರ್ತೀನಿ, ಅದು ಏಳು ಸೀರೆಯ ಲೆಕ್ಕ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಸ್ಟಾಪಲ್ಲಿ ನಿಂತಿರಬೇಕು. ನಿಮ್ಮ ಅಂಗನವಾಡಿ ಬೀದಿ ಈ ತುದಿಯಿಂದ ಆ ತುದಿವರೆಗೂ ನನ್ನ ಜೊತೆ ನಡೀಬೇಕು. ಗೇಟಿಗೆ ಹತ್ತು ಹೆಜ್ಜೆ ಉಳಿದಿದ್ದ ಆ ಜಾಗಾನೂ ದಾಟಬೇಕು.

ಬುಟ್ಟಿ ನಾನು ಹೊರ್ತೀನಿ. ನಂಗೆ ಕೂಗೋಕೆ ಇನ್ನೂ ಆಗ್ತಿಲ್ಲ. ನಿಮ್ಮ ಗಂಟಲಿಗೆ ಏನೂ ಆಗಿಲ್ಲ ಅಂತ ನೀವೇ ಬರೆದಿದೀರಿ. ಪ್ರತಿ ಮನೆ ಮುಂದೆ ನಿಂತು, ಒಳಗಿರೋರಿಗೆ ಕೇಳೋ ಹಂಗೆ, ನೀವು ಕೂಗಬೇಕು. "ಹಳೇ ಸೀರೇ, ಹಳೇ ಪ್ಯಾಂಟೂ... ಪಾತ್ರೇ. ದ್ಯಾಮಮ್ಮ ಬಂದಿದಾಳೆ, ಬಾಗಿಲು ತೆಗೀರಿ."

ದ್ಯಾಮಮ್ಮ